ಸಮುದ್ರ ಸೇರದ ಹೊಳೆ

ಆಸ್ಟ್ರೇಲಿಯಾದ ಸುತ್ತಲೂ ಸಮುದ್ರವೇ. ಆದರೆ ಆಲಿಸಳ ಪಾಲಿಗೆ ಅಲ್ಲಿ ಇದ್ದದ್ದು ಒಂದೇ ಸಮುದ್ರ, ಪರ್ತಿನದು. ಒಮಾನ್ ಬಿಟ್ಟು ಬಂದ ಮೇಲೆ, ವೀಸಾದ ಕಟ್ಟಳೆಗೆಂದು ಮೊದಲ ಎರಡು ವರ್ಷ ಅಡಿಲೇಡಿನಲ್ಲಿ ಇದ್ದಾಗ ಅವಳು ಬೀಚಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. "ಇದು ಐಸಿನ ಕಡೆಯಿಂದ ಬರುವ ನೀರು, ನಮಗೆ ಸಂಬಂಧ ಇಲ್ಲ" ಎಂದಳು. ಮಗಳು ನತಾಶಾ ನರ್ಸ್ ಕೆಲಸ ಹಿಡಿದು ಬ್ರಿಸ್ಬೇನಿನ ಆಚೆ ಇಪ್ಸ್‌ವಿಚ್‌ಗೆ ಹೋಗಿ, ಅಲ್ಲೇ ಮದುವೆಯಾಗಿ, ನೀವೂ ಬಂದುಬಿಡಿ ಎಂದು ಕರೆದಾಗಲೂ ಅದೇ ರಾಗ. "ಅದು ಅಮೆರಿಕದ ಸಮುದ್ರ. ಅಲ್ಲಿ ಕೂತು ನಾನು ಎಂತ ಮಾಡ್ಲಿ?"

ಶಾಲೆಯಲ್ಲಿ ಭೂಗೋಳದಲ್ಲಿ ಯಾವತ್ತೂ ನೆಟ್ಟಗೆ ಪಾಸಾಗದ ಹೆಂಗಸು ಹೀಗೆ ಮೂರು ಊರಿನ ಮೂರು ಸಮುದ್ರಗಳನ್ನು ಬೇರೆ ಬೇರೆ ಮಾಡಿ ಇಟ್ಟಿದ್ದಳು. ಪರ್ತಿನ ದಡಕ್ಕೆ ಬಡಿಯುವ ನೀರೇ ಒಮಾನಿನ ಸೊಹಾರಿಗೂ ಬಡಿಯುತ್ತದೆ, ಅದೇ ನೀರು ತಮ್ಮ ಹುಟ್ಟೂರು ಹಂಗಾರಕಟ್ಟೆಯ ಅಳಿವೆಯೊಳಕ್ಕೂ ನುಗ್ಗುತ್ತದೆ ಎಂಬುದು ಅವಳಿಗೆ ಖಚಿತವಾಗಿತ್ತು. ಅದಕ್ಕೇ ಗಂಡ ಸಿರಿಲ್ ಪರ್ತಿನಲ್ಲಿ ಕೆಲಸ ಹುಡುಕಿದ. ಎ.ಸಿ. ಮೆಕ್ಯಾನಿಕ್ಕಿಗೆ ಆ ಊರಿನ ಬಿಸಿಲಿನಲ್ಲಿ ಕೆಲಸಕ್ಕೇನು ಬರ? ಸದರ್ನ್ ರಿವರ್ ಬಡಾವಣೆಯಲ್ಲಿ ಒಂದು ಮನೆ ಹಿಡಿದರು. ಪ್ರತಿ ಶನಿವಾರ ಸಂಜೆಗೆ ಮುಂಚೆ ಸಿರಿಲ್ ಅವಳನ್ನು ಕಾರಿನಲ್ಲಿ ಫ್ರೀಮ್ಯಾಂಟಲ್ ಕಡೆಯ ಬೀಚಿಗೆ ಕರೆದುಕೊಂಡು ಹೋಗುತ್ತಿದ್ದ.

ಆಲಿಸ್ ನೀರಿಗೆ ಕಾಲು ಅದ್ದುತ್ತಿರಲಿಲ್ಲ. ಒದ್ದೆ ಮರಳಿನ ಅಂಚಿನಲ್ಲೇ, ತಲೆ ತಗ್ಗಿಸಿಕೊಂಡು, ಈ ಕೊನೆಯಿಂದ ಆ ಕೊನೆಗೆ ನಡೆಯುವಳು. ಪಾಚಿಯ ಗುಡ್ಡೆ ಕಂಡರೆ ಚಪ್ಪಲಿಯ ತುದಿಯಿಂದ ಸರಿಸಿ ನೋಡುವಳು. ತಿರುಗಿ ಬಂದು ಕಾರಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡು "ಇವತ್ತೂ ಇಲ್ಲ" ಎನ್ನುವಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಇರುತ್ತಿದ್ದದ್ದು ನಿರಾಸೆಯಲ್ಲ, ಸಮಾಧಾನ. ಇಗರ್ಜಿಯ ಗೆಳತಿಯರು ಇವರನ್ನು ಕಂಡು, ಈ ವಯಸ್ಸಿನಲ್ಲೂ ಜೋಡಿಯಾಗಿ ಬೀಚಿಗೆ ಹೋಗ್ತಾರಲ್ಲ ಎಂದು ತಮ್ಮ ಗಂಡಂದಿರನ್ನು ಚುಚ್ಚುತ್ತಿದ್ದರು. ಕಂಡವರಿಗೇನು ಗೊತ್ತು.

ಅವಳು ಹುಡುಕುತ್ತಿದ್ದದ್ದು ಮಗ ಜೇಸನ್‌ನನ್ನು. ಅವನು ಸಿಗಬಾರದು ಎಂದು ಹುಡುಕುತ್ತಿದ್ದಳು.

ಇದು ಅರ್ಥವಾಗಬೇಕಾದರೆ ಅಳಿವೆಯ ಊರಿನವರ ಒಂದು ನಂಬಿಕೆ ತಿಳಿದಿರಬೇಕು. ಹೊಳೆ ಸಮುದ್ರ ಸೇರುವ ಬಾಯಿಗೆ ಅಲ್ಲಿ ಅಳಿವೆ ಎನ್ನುತ್ತಾರೆ. ಮೇಲೆ ಎಲ್ಲಿ ಯಾರು ಹೊಳೆಪಾಲಾದರೂ ಅಳಿವೆಗೆ ಬರಲೇಬೇಕು, ಸಮುದ್ರ ತನ್ನದಲ್ಲದ್ದನ್ನು ಇಟ್ಟುಕೊಳ್ಳುವುದಿಲ್ಲ, ಮೂರನೆಯ ದಿನ ತಂದು ದಡಕ್ಕೆ ಒಪ್ಪಿಸುತ್ತದೆ. ಆದ್ದರಿಂದ ಊರಿನವರು ಹೊಳೆಯುದ್ದಕ್ಕೂ ಹುಡುಕುತ್ತಾ ಕಾಲ ಕಳೆಯುವುದಿಲ್ಲ. ನೇರ ಅಳಿವೆಗೆ ಹೋಗಿ ಕಾಯುತ್ತಾರೆ. ಸಿರಿಲ್ ಚಿಕ್ಕವನಿದ್ದಾಗ ದೋಣಿಯ ಅಂತೋನಿ ಮುಳುಗಿದಾಗ, ಆ ಅಂತೋನಿಯ ಅಪ್ಪ ಹೀಗೇ ಬೀಡಿ ಸೇದುತ್ತಾ ಮರಳಿನ ಮೇಲೆ ಕೂತು ಕಾದು, ಮಗನನ್ನು ಎತ್ತಿಕೊಂಡೇ ಮನೆಗೆ ಬಂದಿದ್ದ.

ಸೊಹಾರಿನಲ್ಲಿ ಶುಕ್ರವಾರವೇ ಭಾನುವಾರ. ಕೆಲಸಕ್ಕೆ ರಜೆ ಅಂದೇ ಇರುವುದರಿಂದ ಇಗರ್ಜಿಯಲ್ಲಿ ದೊಡ್ಡ ಪೂಜೆಯೂ ಅಂದೇ. ಪೂಜೆ ಮುಗಿದ ಮೇಲೆ ನಮ್ಮ ಕಡೆಯ ಸಂಸಾರಗಳೆಲ್ಲ ಕೋಳಿ ಪಲಾವಿನ ಪಾತ್ರೆ ಕಟ್ಟಿಕೊಂಡು ನೆರಳಿದ್ದ ಕಡೆ ಹೊರಡುವುದು ವಾಡಿಕೆ. ೨೦೦೪ರ ಆ ಶುಕ್ರವಾರ ಸಿರಿಲ್ ತನ್ನ ಪಿಕಪ್ಪಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೆಟ್ಟದ ಘಾಟಿ ಹತ್ತಿ ಇಳಿದ. ತಿರುವುಗಳಿಗೆ ಹೆದರಿ ಆಲಿಸ್ ಕಣ್ಣು ಮುಚ್ಚಿ ಜಪಮಾಲೆ ಎಣಿಸುತ್ತಿದ್ದಳು. ಹದಿನೇಳರ ಜೇಸನ್, ಹದಿಮೂರರ ನತಾಶಾ ಹಿಂದೆ ನಿದ್ದೆಯಲ್ಲಿದ್ದರು. ಘಾಟಿಯ ಆಚೆ ಒಂದು ಒಣಹೊಳೆ ಇತ್ತು. ಅರಬರು ವಾದಿ ಎನ್ನುತ್ತಾರೆ, ಮಳೆ ಬಂದರೆ ಮಾತ್ರ ಅದು ಹೊಳೆ. ಬರೀ ಉರುಟು ಕಲ್ಲು, ನಡುವೆ ನಾಲ್ಕು ಜಾಲಿಮರ. ನೆರಳು ಹೊಳೆಯ ಪಾತ್ರದೊಳಗೇ ಇತ್ತು, ಸಿರಿಲ್ ಅಲ್ಲೇ ಚಾಪೆ ಹಾಸಿದ.

"ಹೊಳೆಯ ನಡುವೆ ಕೂರುವುದಾ?" ಎಂದು ಆಲಿಸ್ ಕೇಳಿದ್ದಳು.

"ಆಕಾಶ ನೋಡು ಮಾರಾಯ್ತಿ, ಒಂದು ತುಂಡು ಮೋಡ ಇಲ್ಲ. ನೆರೆ ಎಲ್ಲಿಂದ ಬರ್ತದೆ?"

ಊಟವಾಯಿತು. ಜೇಸನ್ ಮರದ ಬುಡದಲ್ಲಿ ಮುಖದ ಮೇಲೆ ಟೋಪಿ ಇಟ್ಟುಕೊಂಡು ಮಲಗಿದ. ಉಳಿದವರು ಪಾತ್ರೆ ಎತ್ತಿಡಲು ದಡದ ಮೇಲಿನ ಗಾಡಿಗೆ ಬಂದರು. ಎದುರು ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ತನ್ನ ಶಾಲು ತೆಗೆದು ಬೀಸಿದ. ಸಿರಿಲ್ ನಗುತ್ತಾ ತಾನೂ ಕೈ ಬೀಸಿದ. ಕೈ ಕೆಳಗಿಳಿಸುವ ಹೊತ್ತಿಗೆ ಹೊಳೆ ಬಂದಿತ್ತು. ಮಳೆ ಬಿದ್ದದ್ದು ಕಣ್ಣಿಗೆ ಕಾಣದ ಬೆಟ್ಟದ ಹಿಂದೆಲ್ಲೋ. ಕೆಂಪು ನೀರು ಕಲ್ಲು, ಕೊಂಬೆ, ಒಂದು ಸತ್ತ ಆಡು, ಎಲ್ಲವನ್ನೂ ಎದೆಯೆತ್ತರಕ್ಕೆ ಉರುಳಿಸಿಕೊಂಡು ಬಂತು. ಚಾಪೆ ಹೋಯಿತು, ಜಾಲಿಮರಗಳಲ್ಲಿ ಎರಡು ಹೋದವು, ಜೇಸನ್ ಹೋದ.

ಪೊಲೀಸರು ಬಂದು ಹೊಳೆಯ ಪಾತ್ರ ಹಿಡಿದು ಹುಡುಕಿದರು. ಗಡಿಯವರೆಗೆ ನೋಡಿಯಾಯಿತು, ಮುಂದಿನದು ಆಚೆ ದೇಶಕ್ಕೆ ತಿಳಿಸುತ್ತೇವೆ ಎಂದರು. ಸಿರಿಲ್ ತಲೆಯಾಡಿಸಿದ, ಅಷ್ಟೆ. ಗಡಿಯೆಂದರೆ ಅವನಿಗೆ ಪಾಸ್‌ಪೋರ್ಟಿಗೆ ಸಂಬಂಧಿಸಿದ್ದು, ನೀರಿಗಲ್ಲ. ಹೊಳೆಯೆಂದ ಮೇಲೆ ಸಮುದ್ರಕ್ಕೆ ಹೋಗಬೇಕು, ಸಮುದ್ರವಿದ್ದದ್ದು ಸೊಹಾರಿನಲ್ಲಿ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಸುಳ್ಳಲ್ಲ. ಗೆಳೆಯರು ಬೆಟ್ಟದ ಕಡೆ ಹೋಗೋಣ ಎಂದರೂ ಕೇಳದೆ ಗಂಡಹೆಂಡತಿ ಇಬ್ಬರೂ ಸೊಹಾರಿನ ಕಡಲದಡಕ್ಕೆ ಹೋಗಿ ನಿಂತರು. ಮೂರನೆಯ ದಿನ ಕಳೆಯಿತು, ವಾರ ಕಳೆಯಿತು. ಮೀನುಗಾರರು ಬಲೆ ಎಳೆದಾಗಲೆಲ್ಲ ಸಿರಿಲ್ ಓಡಿಹೋಗಿ ನೋಡುತ್ತಿದ್ದ. ಸಮುದ್ರ ಏನನ್ನೂ ಕೊಡಲಿಲ್ಲ.

ಅಲ್ಲಿಂದ ಶುರುವಾದದ್ದು ಆಲಿಸಳ ತರ್ಕ. ಸಮುದ್ರ ಕೊಡಲಿಲ್ಲ ಎಂದರೆ ಅವನು ಸಮುದ್ರಕ್ಕೆ ಬಂದೇ ಇಲ್ಲ. ಬಂದಿಲ್ಲ ಎಂದರೆ ದಾರಿಯಲ್ಲೇ ಎಲ್ಲೋ ದಡ ಹತ್ತಿದ್ದಾನೆ. ತಲೆಗೆ ಪೆಟ್ಟು ಬಿದ್ದು ಹೆಸರು ಮರೆತಿರಬೇಕು, ಯಾರದೋ ತೋಟದಲ್ಲಿ ಖರ್ಜೂರ ಕೀಳುತ್ತಿರಬೇಕು. ಸಮುದ್ರ ಬರಿಗೈಯಲ್ಲಿ ಬರುವಷ್ಟು ದಿನವೂ ಮಗ ಬದುಕಿದ್ದಾನೆ. ಪ್ರತಿ ತಿಂಗಳು ಅವಳು ಇಗರ್ಜಿಯಲ್ಲಿ ಪೂಜೆ ಕೊಡಿಸುತ್ತಿದ್ದಳು, ಜೇಸನ್‌ನ ಕ್ಷೇಮಕ್ಕಾಗಿ. ಸತ್ತವರ ಸಮಾಧಿಗೆ ಹೂವಿಡುವ ನವೆಂಬರ್ ಎರಡರಂದು ಮಾತ್ರ ಮನೆಯ ಬಾಗಿಲು ದಾಟುತ್ತಿರಲಿಲ್ಲ. ಸಿರಿಲ್ ಅವಳ ಮಾತಿಗೆ ಹೂಂಗುಟ್ಟುತ್ತಿದ್ದ. ಪಾಪ, ಆಸೆ ಅವಳದು, ನಾನು ಬರೀ ಡ್ರೈವರ್ ಎಂದುಕೊಂಡಿದ್ದ.

ಹೀಗೆ ಹನ್ನೆರಡು ವರ್ಷ. ೨೦೧೬ರ ಫೆಬ್ರವರಿಯ ಒಂದು ಉರಿಬಿಸಿಲಿನಲ್ಲಿ ಪಕ್ಕದ ಬೀದಿಯ ಹಂಸಾಳ ಮನೆಯ ಎ.ಸಿ. ಕೆಟ್ಟಿತು. ಹಂಸಾ ಮೈಸೂರಿನವಳು, ನೆರೆ ಬಂದರೆ ನೀರು ಎಲ್ಲೆಲ್ಲಿ ನುಗ್ಗುತ್ತದೆ ಎಂದು ನಕ್ಷೆ ಮಾಡುವ ಇಂಜಿನಿಯರು. ಮೊದಲು ಬ್ರಿಸ್ಬೇನಿನಲ್ಲಿ, ಎಯ್ಟ್ ಮೈಲ್ ಪ್ಲೇನ್ಸ್‌ನ ಆಫೀಸಿನಲ್ಲಿದ್ದವಳು, ಈಗ ಮನೆಯಿಂದಲೇ ಕೆಲಸ. ಸಿರಿಲ್ ಹೊರಗಿನ ಯೂನಿಟ್ಟು ಬಿಚ್ಚಿ, ಸುಟ್ಟ ಕೆಪಾಸಿಟರ್ ಬದಲಿಸಿ ಒಳಗೆ ಬಂದಾಗ ಅವಳು ಮಜ್ಜಿಗೆ ಕೊಟ್ಟಳು. ಮೇಜಿನ ಮೇಲಿದ್ದ ದೊಡ್ಡ ಸ್ಕ್ರೀನಿನಲ್ಲಿ ಬೆಟ್ಟಗುಡ್ಡಗಳ ಚಿತ್ರ, ಮೇಲೆ ನೀಲಿ ಗೆರೆ.

"ಇದೇ ನನ್ ಕೆಲ್ಸ ಅಂಕಲ್. ಭೂಮಿ ಮೇಲೆ ಯಾವ್ ಜಾಗದಲ್ಲಾದ್ರೂ ಒಂದು ಹನಿ ಬಿದ್ರೆ ಅದು ಎಲ್ಲಿಗ್ ಹೋಗಿ ಸೇರತ್ತೆ ಅಂತ ಇದು ತೋರ್ಸತ್ತೆ. ನಿಮ್ಮೂರು ತೋರಿಸ್ಲಾ?"

ಹಂಗಾರಕಟ್ಟೆ ತೋರಿಸಿದಳು. ಘಟ್ಟದ ಕೆಳಗೆ ಒತ್ತಿದರೆ ಸೀತಾನದಿಯ ಗೆರೆ ಬಳುಕುತ್ತಾ ಬಂದು ಅಳಿವೆಯಲ್ಲಿ ನಿಂತಿತು. ಸಿರಿಲ್‌ಗೆ ಖುಷಿಯಾಯಿತು. ಆಮೇಲೆ, ಯಾವ ಘಳಿಗೆಯಲ್ಲೋ, ಸೊಹಾರ್ ತೋರಿಸ್ತೀರಾ ಎಂದ. ಅವನು ಈ ಹಿಂದೆ ಫೋನಿನ ಮ್ಯಾಪಿನಲ್ಲಿ ಸೊಹಾರನ್ನು ನೋಡಿದ್ದನಾದರೂ ಬೆರಳು ಆಡಿಸಿದ್ದೆಲ್ಲ ಕಡಲದಡದ ಮೇಲೆಯೇ. ಘಾಟಿಯ ರಸ್ತೆ ಹಿಡಿದು ಒಂದೊಂದೇ ತಿರುವು ಎಣಿಸಿ, ಎರಡು ಜಾಲಿಮರ ಉಳಿದಿದ್ದ ಆ ಜಾಗಕ್ಕೆ ಬಂದು, "ಇಲ್ಲಿ ಒತ್ತಿ" ಎಂದ.

ಹಂಸಾ ಒತ್ತಿದಳು. ನೀಲಿ ಗೆರೆ ಹೊರಟಿತು. ಸಮುದ್ರವಿದ್ದದ್ದು ಬಲಕ್ಕೆ, ಗೆರೆ ಹೋದದ್ದು ಎಡಕ್ಕೆ.

"ತಪ್ಪಾಯಿತು ಅಲ್ವಾ? ಸಮುದ್ರ ಈ ಕಡೆ."

"ತಪ್ಪಾಗಿಲ್ಲ ಅಂಕಲ್. ನೀವು ಘಾಟಿ ದಾಟ್ಬಿಟ್ಟಿದ್ದೀರಲ್ಲ. ಬೆಟ್ಟದ ಈ ಕಡೆ ಬಿದ್ದಿದ್ದು ಮಾತ್ರ ಸೊಹಾರಿಗೆ ಬರೋದು. ನೀವೇ ಹೇಳಿ, ಆಗುಂಬೆ ಘಾಟಿ ಹತ್ತಿದ್ಮೇಲೆ ತುಂಗೆ ನಿಮ್ ಕಡೆ ಬರ್ತಾಳಾ?"

ಬರುವುದಿಲ್ಲ. ಹಾಲು ಕುಡಿಯುವ ಮಗುವಿಗೂ ಗೊತ್ತು, ಅವಳು ಬೆನ್ನು ತಿರುಗಿಸಿ ಮೂಡಣಕ್ಕೆ ಹೋಗುತ್ತಾಳೆ. ಗೆರೆ ಚುಕ್ಕೆಗಳ ಒಂದು ಸಾಲನ್ನು ದಾಟಿತು.

"ಇದು ಬಾರ್ಡರ್. ಇಲ್ಲಿಂದಾಚೆ ಎಮಿರೇಟ್ಸ್. ಚಿಕ್ಕ ಹೊಳೆ ಅಂಕಲ್ ಇದು, ದೊಡ್ಡದೇನಲ್ಲ. ಆದ್ರೂ ಎರಡು ದೇಶ ನೋಡತ್ತೆ!" ಎಂದು ಹಂಸಾ ನಕ್ಕಳು. ಅವಳಿಗೆ ಜೇಸನ್‌ನ ವಿಷಯ ಗೊತ್ತಿರಲಿಲ್ಲ. ಗಡಿ ದಾಟಿದ ಗೆರೆ ಇನ್ನಷ್ಟು ದೂರ ಹೋಗಿ, ಸೀಳಿ, ಎಳೆಎಳೆಯಾಗಿ, ಮರಳುಗಾಡಿನ ನಡುವೆ ನಿಂತುಬಿಟ್ಟಿತು.

"ನೆಟ್‌ವರ್ಕ್ ಹೋಯ್ತಾ?" ಎಂದ ಸಿರಿಲ್.

"ಇಲ್ಲ ಅಂಕಲ್, ಹೊಳೆನೇ ಅಲ್ಲಿ ಮುಗೀತು. ನೀರೆಲ್ಲ ಮರಳೊಳಗೆ ಇಳಿದ್ಹೋಗತ್ತೆ. ಇದು ಸಮುದ್ರಕ್ಕೆ ಹೋಗೋ ಹೊಳೆ ಅಲ್ಲ."

ಸಿರಿಲ್ ಮಜ್ಜಿಗೆಯ ಲೋಟ ಕೆಳಗಿಟ್ಟ. ಥ್ಯಾಂಕ್ಸ್ ಹೇಳಿದನೋ ಇಲ್ಲವೋ ಅವನಿಗೇ ನೆನಪಿಲ್ಲ. ಸಾಮಾನಿನ ಚೀಲ ಅಲ್ಲೇ ಮರೆತು ಮನೆಗೆ ಬಂದು ಗ್ಯಾರೇಜಿನಲ್ಲಿ ಕಾರಿನೊಳಗೆ ಕೂತ. ತಾನು ಸೊಹಾರಿನ ದಡದಲ್ಲಿ ಬಲೆಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಾಗ ಮಗ ಬೆಟ್ಟದ ಆಚೆ, ಬೇರೊಂದು ದೇಶದಲ್ಲಿ, ಮರಳಿನಲ್ಲಿ ಮಲಗಿದ್ದ. ಯಾರಾದರೂ ಕಂಡರೋ, ಮಣ್ಣು ಹಾಕಿದರೋ, ನಾಯಿನರಿಯ ಪಾಲಾದನೋ. ಆ ಏಳು ದಿನ ಸರಿಯಾದ ದಿಕ್ಕಿಗೆ ನಡೆದಿದ್ದರೆ ಒಂದು ಮುಷ್ಟಿ ಮಣ್ಣಾದರೂ ಹಾಕಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು. ಸಿರಿಲ್ ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡು ಅತ್ತ.

ಆಲಿಸಳಿಗೆ ಹೇಳುವುದು ಹೇಗೆ? ಅವಳ ಆಸೆಯೆಲ್ಲ ನಿಂತಿದ್ದದ್ದು ಆ ಹೊಳೆ ಸಮುದ್ರ ಸೇರುತ್ತದೆ ಎಂಬ ಒಂದೇ ಗೂಟದ ಮೇಲೆ. ಅದನ್ನು ಕಿತ್ತರೆ ಅವಳ ಮಗ ಇವತ್ತು ಸಾಯುತ್ತಾನೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಎರಡು ತಿಂಗಳು ಕಳೆದ. ಶನಿವಾರಗಳು ಬಂದವು, ಅವಳನ್ನು ಕರೆದುಕೊಂಡು ಹೋದ, "ಇವತ್ತೂ ಇಲ್ಲ" ಕೇಳಿಸಿಕೊಂಡು ಕಾರು ತಿರುಗಿಸಿದ.

ಏಪ್ರಿಲ್‌ನಲ್ಲಿ ನತಾಶಾಳ ಫೋನು ಬಂತು. ಅವಳು ಬಸುರಿ. ಹಿಂದೆ ಒಂದು ಸಲ ನಿಂತ ಬಸಿರು ಇಳಿದುಹೋಗಿತ್ತು, ಈ ಸಲವೂ ರಕ್ತ ಕಂಡಿದೆ, ಡಾಕ್ಟರು ಹೆರಿಗೆಯ ತನಕ ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರೆ. ಗಂಡನಿಗೆ ಗೋದಾಮಿನಲ್ಲಿ ಶಿಫ್ಟಿನ ಕೆಲಸ, ಅತ್ತೆ ಇಲ್ಲ.

"ಮಮ್ಮಿ, ಪ್ಲೀಸ್. ನನ್ಗೆ ಭಯ ಆಗ್ತದೆ. ನೀವು ಬನ್ನಿ."

"ಬರ್ತೇನೆ ಮಗಾ, ನೋಡುವ, ಈ ತಿಂಗಳು ಕಳೀಲಿ."

"ಯಾವಾಗ್ಲೂ ಈ ತಿಂಗಳು! ನಾನೂ ನಿಮ್ ಮಗಳೇ ಅಲ್ವಾ ಮಮ್ಮಿ? ಐ ಆ್ಯಮ್ ಹಿಯರ್. ನಾನು ಬದುಕಿದ್ದೇನೆ."

ಆಲಿಸ್ ಫೋನು ಕೆಳಗಿಟ್ಟು ಅಡುಗೆಮನೆಯ ಕಟ್ಟೆಗೆ ಆನಿಕೊಂಡು ನಿಂತಳು. ಮನೆಯೊಳಗೆ ಗಂಡಹೆಂಡತಿಯ ಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆದಿದೆ. "ಹೋಗ್ಲಿಕ್ಕೆ ನನಗೂ ಮನಸ್ಸುಂಟು. ಆದರೆ ನಾನಿಲ್ಲದಾಗ ಸಮುದ್ರ ಅವನನ್ನು ತಂದು ಹಾಕಿದರೆ? ಯಾರೂ ನೋಡ್ಲಿಕ್ಕೆ ಇಲ್ಲದಿದ್ದರೆ ಮತ್ತೆ ಒಳಗೆ ಎಳ್ಕೊಂಡು ಹೋಗ್ತದೆ."

ಅತ್ತ ದರಿ, ಇತ್ತ ಪುಲಿ. ಸತ್ತ ಮಗನ ಆಸೆ ಉಳಿಸಿದರೆ ಬದುಕಿದ್ದ ಮಗಳು ಒಬ್ಬಳೇ ಹಾಸಿಗೆಯಲ್ಲಿ. ಆ ಶನಿವಾರ ಬೀಚಿನಲ್ಲಿ, ಅವಳು ನಡಿಗೆ ಶುರುಮಾಡುವ ಮೊದಲೇ ಸಿರಿಲ್ ಕೈ ಹಿಡಿದು ನಿಲ್ಲಿಸಿ ಹೇಳಿಬಿಟ್ಟ. ಹಂಸಾಳ ಸ್ಕ್ರೀನು, ಎಡಕ್ಕೆ ಹೋದ ಗೆರೆ, ಗಡಿ, ಮರಳು, ಎಲ್ಲ.

"ಸುಳ್ಳು" ಎಂದಳು ಆಲಿಸ್. "ಹೊಳೆ ಅಂದ ಮೇಲೆ ಸಮುದ್ರಕ್ಕೆ ಹೋಗ್ಲೇಬೇಕು."

"ನಾವು ಘಾಟಿ ದಾಟಿದ್ದೆವು ಆಲಿಸ್. ತುಂಗೆ ನಮ್ಮ ಅಳಿವೆಗೆ ಬರ್ತದಾ ಹೇಳು."

ನಾಯಿಯೊಂದು ಯಾರದೋ ಚೆಂಡು ಕಚ್ಚಿಕೊಂಡು ಅವರ ನಡುವೆ ಓಡಿತು. ಕಡೆಗೆ ಆಲಿಸ್ ಕೇಳಿದಳು:

"ಸೊಹಾರಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದೆವಲ್ಲ. ಬೆಟ್ಟ ನಮ್ಮ ಹಿಂದೆ ಇತ್ತಾ?"

"ಹೌದು."

"ಹಾಗಾದರೆ ನಾವಿಬ್ಬರೂ ಅವನಿಗೆ ಬೆನ್ನು ಹಾಕಿ ನಿಂತಿದ್ದು."

ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಸಿರಿಲ್ ಹೆದರಿದ್ದ. ಅವಳು ಅಳಲಿಲ್ಲ. ಆ ದಿನ ಮರಳಿನ ಮೇಲೆ ಒಂದು ಹೆಜ್ಜೆಯನ್ನೂ ನಡೆಯದೆ ಕಾರಿಗೆ ಹೋಗಿ ಕೂತಳು. ದಾರಿಯಲ್ಲಿ, "ಫಾದರಿಗೆ ಹೇಳಿ, ನಾಳೆಯ ಪೂಜೆ ಅವನ ಆತ್ಮಕ್ಕೆ" ಎಂದಳು. ಮಾರನೆಯ ದಿನ ಸತ್ತವರ ಹೆಸರುಗಳ ನಡುವೆ ಜೇಸನ್ ಮಥಾಯಸ್ ಎಂದು ಫಾದರ್ ಓದಿದಾಗ ಅವಳು ನೆಟ್ಟಗೆ ನಿಂತು ಶಿಲುಬೆಯ ಗುರುತು ಮಾಡಿದಳು. ಸಿರಿಲ್ ಬೆಂಚಿನ ಮೇಲೆ ಕೂತುಬಿಟ್ಟ. ಓದಬೇಡಿ ಎಂದು ಕೂಗಬೇಕೆನಿಸಿತು ಅವನಿಗೆ. ಗುರುವಾರದ ವಿಮಾನದಲ್ಲಿ ಆಲಿಸ್ ಬ್ರಿಸ್ಬೇನಿಗೆ ಹೋದಳು.

ಸಿರಿಲ್ ಕೆಲಸಕ್ಕೆ ಹೋದ, ಬಂದ. ಗಂಜಿ ಮಾಡಿಕೊಂಡು ಉಪ್ಪಿನಕಾಯಿ ನೆಕ್ಕಿಕೊಂಡು ಉಂಡ. ಶನಿವಾರ ಬಟ್ಟೆ ಒಗೆದು ಹರವಿದ. ಆಮೇಲೆ ಕಾರಿನ ಕೀ ತೆಗೆದುಕೊಂಡು ಬಂಕಿನಲ್ಲಿ ಪೆಟ್ರೋಲು ತುಂಬಿಸಿದ. ಅಲ್ಲಿಂದ ಮನೆಗೆ ತಿರುಗುವ ಬದಲು ಫ್ರೀಮ್ಯಾಂಟಲ್‌ನ ದಾರಿ ಹಿಡಿದ. ಬೀಚಿನಲ್ಲಿ ಚಪ್ಪಲಿ ಕಳಚಿ, ಒದ್ದೆ ಮರಳಿನ ಅಂಚಿನಲ್ಲೇ, ತಲೆ ತಗ್ಗಿಸಿಕೊಂಡು ನಡೆದ. ಪಾಚಿಯ ಗುಡ್ಡೆಗಳನ್ನು ಕೈಯಿಂದ ಬಿಡಿಸಿ ಬಿಡಿಸಿ ನೋಡಿದ. ಆಸೆ ಅವಳದು ಎಂದುಕೊಂಡಿದ್ದನಲ್ಲ ಈ ಮನುಷ್ಯ! ಹನ್ನೆರಡು ವರ್ಷ ಅವಳು ಹೊತ್ತದ್ದು ಇವನದನ್ನೂ ಸೇರಿಸಿಯೇ. ಅವಳು ಕೆಳಗಿಳಿಸಿ ಹೋದ ಮೇಲೆ ಇವನಿಗೆ ಅದರ ಭಾರ ಗೊತ್ತಾಯಿತು.

ಫೋನು ರಿಂಗಾಯಿತು. ಇಪ್ಸ್‌ವಿಚ್‌ನಲ್ಲಿ ಆಗಲೇ ಕತ್ತಲಾಗಿತ್ತು.

"ನತಾಶಾ ಗಂಜಿ ಕುಡಿದಳು. ರಕ್ತ ನಿಂತಿದೆ, ಮಗು ಆಡ್ತಾ ಉಂಟು ಅಂತ ಡಾಕ್ಟರು ಹೇಳಿದರು. ನೀವು ಊಟ ಮಾಡಿದ್ರಾ? ಮನೇಲಿ ಇದ್ದೀರಾ?"

"ಹ್ಞಾಂ, ಮನೇಲಿ."

ಆಲಿಸ್ ಕೇಳಿಸಿಕೊಳ್ಳುತ್ತಿದ್ದಳು. ಅಲೆಯ ಸದ್ದು ಯಾವ ಸಮುದ್ರದ್ದು ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ನೀವೇ ಅಲ್ವಾ ಹೇಳಿದ್ದು, ಆ ಹೊಳೆ ಅಲ್ಲಿಗೆ ಬರುವುದಿಲ್ಲ ಅಂತ?" ಎಂದಳು ಮೆಲ್ಲಗೆ. "ಮನೆಗೆ ಹೋಗಿ ಮಾರಾಯ್ರೆ."

"ಹೋಗ್ತೇನೆ" ಎಂದ ಸಿರಿಲ್. "ಆ ಬಂಡೆಯ ತನಕ ಒಂದು ನೋಡಿ ಹೋಗ್ತೇನೆ."